ದೀಪದ ಬುಡದ ಕತ್ತಲೆ



ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಕಥೆ, ಕವನ, ಯುಗಾದಿ ಹಬ್ಬದ ವರದಿಗಳ ನಡುವೆ ಕಂಪ್ಯೂಟರಿನ ಮಾತೇಕೆ ಎಂದು ಹುಬ್ಬೇರಿಸಬೇಡಿ. ಗೋಥೆನ್‌ಬರ್ಗ್‌ನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಅದರಲ್ಲಿ ಇಬ್ಬರಾದರೂ ತಂತ್ರಾಂಶದವರು, ಮಿಕ್ಕಿಬ್ಬರು ಅವರ ಮಾತು ಕೇಳಿ ಆಕಳಿಸುವವರು! ಈ ಲೇಖನ ಇಬ್ಬರಿಗೂ ಸೇರಿದ್ದು.

ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ಒಂದು ಗುಟ್ಟಿದೆ. ಇಪ್ಪತ್ತು ವರ್ಷ ಪ್ರೋಗ್ರಾಮ್ ಬರೆದು ಪಳಗಿದವರಲ್ಲೂ ಬಹಳ ಮಂದಿಗೆ ಆ ಪ್ರೋಗ್ರಾಮ್ ಓಡುವ ಯಂತ್ರದ ಬಗ್ಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಊರಿಗೆ ಹೋದಾಗ ಚಿಕ್ಕಪ್ಪ "ಹೇಗೂ ಕಂಪ್ಯೂಟರ್ ಎಂಜಿನಿಯರ್ ಅಲ್ವೇನಪ್ಪಾ, ಈ ಪ್ರಿಂಟರ್ ಸ್ವಲ್ಪ ನೋಡು" ಎಂದರೆ ನಾವು ತಲೆ ಕೆರೆದುಕೊಳ್ಳುತ್ತೇವೆ. ಪ್ರಿಂಟರಿನ ಮಾತು ಬಿಡಿ, ಅದು ರಿಪೇರಿಯವರ ಕೆಲಸ. ಆದರೆ ನಾವು ಬರೆದ ಒಂದು ಸಾಲು ಮೆಮೊರಿಯನ್ನು ಮುಟ್ಟಿ ಬರಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ? ಅಲ್ಲೂ ಮೌನವೇ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಹೀಗೇಕಾಯಿತು? ನಮ್ಮ ಪೀಳಿಗೆಯ ಬಹುಪಾಲು ಜನ ಯಂತ್ರದ ಮೈ ಮುಟ್ಟಿದ್ದು ಕಾಲೇಜಿನ ಮೈಕ್ರೋಪ್ರೊಸೆಸರ್ ಲ್ಯಾಬಿನಲ್ಲಿ ಮಾತ್ರ. ಇಂಟೆಲ್ ಕಂಪನಿ 1976ರಲ್ಲಿ ಹೊರತಂದ 8085 ಚಿಪ್ಪಿನ ಕಿಟ್, ಅದಕ್ಕೊಂದು ಪುಟ್ಟ ಕೀಲಿಮಣೆ. 3ಇ ಎಂದು ಒತ್ತಿದರೆ 'ಎ' ರಿಜಿಸ್ಟರಿಗೆ ಮುಂದಿನ ಬೈಟನ್ನು ತುಂಬು ಎಂದರ್ಥ, 80 ಎಂದರೆ 'ಬಿ'ಯಲ್ಲಿರುವುದನ್ನು ಅದಕ್ಕೆ ಕೂಡು, 76 ಎಂದರೆ ನಿಲ್ಲು. ಎರಡು ಅಂಕಿ ಕೂಡಿಸಲು ಇಷ್ಟೆಲ್ಲ ಪಾಡೇ ಎಂದು ನಕ್ಕು, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೊರಬಂದದ್ದೇ ಕೊನೆ. ಬಿ.ಕಾಂ., ಬಿ.ಎಸ್ಸಿ. ಮುಗಿಸಿ ನೇರವಾಗಿ ಕೋಡ್ ಬರೆಯಲು ಕೂತವರಿಗೆ ಅಷ್ಟೂ ಸಿಗಲಿಲ್ಲ.

ಬೆಂಗಳೂರು ಮೊದಲಿನಿಂದಲೂ ಹೀಗಿರಲಿಲ್ಲ. 1980ರ ದಶಕದಲ್ಲಿ ವಿಪ್ರೊ ತನ್ನದೇ ಮಿನಿಕಂಪ್ಯೂಟರುಗಳನ್ನು ತಯಾರಿಸುತ್ತಿತ್ತು. 1985ರಲ್ಲಿ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ವಿನ್ಯಾಸದ ಕೆಲಸವನ್ನೇ ತಂದಿತು. ಆದರೆ ನಮ್ಮಲ್ಲಿ ಹೆಚ್ಚಿನವರನ್ನು ಈ ವೃತ್ತಿಗೆ ಎಳೆದು ತಂದದ್ದು ತೊಂಬತ್ತರ ದಶಕದ ಕೊನೆಯ ವೈ2ಕೆ ಅಲೆ ಮತ್ತು ಅದರ ಬೆನ್ನಿಗೇ ಬಂದ ಹೊರಗುತ್ತಿಗೆ. ಅಲ್ಲಿ ಯಂತ್ರ ಇದ್ದದ್ದು ಸಮುದ್ರದಾಚೆ, ನಮ್ಮೆದುರು ಇದ್ದದ್ದು ಒಂದು ಪರದೆ. ಅಕ್ಕಿ ಬೇಯುವುದು ನ್ಯೂಜೆರ್ಸಿಯ ಒಲೆಯ ಮೇಲೆ, ಸೌಟು ತಿರುಗಿಸುವವರು ಜಯನಗರದಲ್ಲಿ! ಒಲೆ ಎಷ್ಟು ಬಿಸಿಯಿದೆ ಎಂದು ಕೈಯಿಟ್ಟು ನೋಡುವ ಅವಕಾಶವೇ ಇಲ್ಲ. 1995ರಲ್ಲಿ ಬಂದ ಜಾವಾ, ಒಮ್ಮೆ ಬರೆದರೆ ಸಾಕು, ಎಲ್ಲಿ ಬೇಕಾದರೂ ಓಡುತ್ತದೆ ಎಂದು ಭರವಸೆ ಕೊಟ್ಟಿತು. 2006ರಲ್ಲಿ ಅಮೆಜಾನ್ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿದ ಮೇಲಂತೂ ಯಂತ್ರವೆಂದರೆ ತಿಂಗಳ ಬಿಲ್ಲಿನ ಒಂದು ಸಾಲು, ಅಷ್ಟೆ.

ಇದೆಲ್ಲ ಕೆಟ್ಟದ್ದು ಎಂದು ಹೇಳುತ್ತಿಲ್ಲ. ಕೆಳಗಿನ ಗೊಂದಲವನ್ನು ಮುಚ್ಚಿಟ್ಟು ಮೇಲಿನವರಿಗೆ ಸರಳವಾದೊಂದು ಬಾಗಿಲು ಕೊಡುವುದೇ ಗಣಕ ವಿಜ್ಞಾನದ ದೊಡ್ಡ ಸಾಧನೆ. ಎಲ್ಲರೂ 3ಇ, 80, 76 ಎಂದು ಒತ್ತುತ್ತಲೇ ಇದ್ದಿದ್ದರೆ ಇವತ್ತು ರೈಲಿನ ಟಿಕೆಟ್ಟೂ ಸಿಗುತ್ತಿರಲಿಲ್ಲ. ಪ್ರಶ್ನೆ ಇರುವುದು ಆ ಮುಚ್ಚಳದ ಕೆಳಗೆ ಏನಿದೆ ಎಂಬ ಅಂದಾಜಾದರೂ ಬೇಡವೇ ಎಂಬಲ್ಲಿ.

ಮೊದಲು ವೇಗದ ಲೆಕ್ಕ ನೋಡೋಣ. ಪ್ರೊಸೆಸರಿನ ಮಗ್ಗುಲಲ್ಲೇ ಇರುವ ಪುಟ್ಟ ಕ್ಯಾಶ್ ಮೆಮೊರಿಯಿಂದ ಒಂದು ಅಂಕಿ ತರಲು ಸುಮಾರು ಒಂದು ನ್ಯಾನೊಸೆಕೆಂಡ್ ಬೇಕು. ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ನಮ್ಮ ತಲೆಗೆ ನಿಲುಕುವಂತೆ ಅದನ್ನು ಒಂದು ಸೆಕೆಂಡಿಗೆ ಹಿಗ್ಗಿಸಿಕೊಳ್ಳಿ. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಒಗ್ಗರಣೆ ಡಬ್ಬಿಗೆ ಕೈಹಾಕಿ ಸಾಸಿವೆ ತೆಗೆದಷ್ಟು ಹೊತ್ತು. ಅದೇ ಅಂಕಿ ಮುಖ್ಯ ಮೆಮೊರಿಯಲ್ಲಿದ್ದರೆ ಸುಮಾರು 100 ಸೆಕೆಂಡು. ಇಲ್ಲಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ನಮಗೆಲ್ಲ ಒಂದೊಂದು ಉಗ್ರಾಣ ಇರುತ್ತದಲ್ಲ, ಅಲ್ಲಿಗೆ ಇಳಿದು ಅಕ್ಕಿ ಚೀಲದಿಂದ ಒಂದು ಪಾವು ತಂದಂತೆ. ಎಸ್‌ಎಸ್‌ಡಿಯಿಂದ ತರಲು 100 ಮೈಕ್ರೊಸೆಕೆಂಡ್ ಹಿಡಿದರೆ, ನಮ್ಮ ಲೆಕ್ಕದಲ್ಲಿ ಅದು ಹತ್ತಿರಹತ್ತಿರ 28 ಗಂಟೆ. ಬೆಂಗಳೂರಿನಿಂದ ವಿಮಾನ ಹತ್ತಿದ ಅಮ್ಮ ಸಾರಿನ ಪುಡಿ ಹೊತ್ತು ಇಲ್ಲಿ ಮನೆ ಸೇರಿದಷ್ಟು ಹೊತ್ತು ಎನ್ನಿ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ 10 ಮಿಲಿಸೆಕೆಂಡ್ ಎಂದರೆ 116 ದಿನ! ಮಂಗಳೂರು ಬಂದರಿನಲ್ಲಿ ಹಡಗು ಹತ್ತಿಸಿದ ಸಾಮಾನು ಇಲ್ಲಿನ ಬಂದರಿಗೆ ಬಂದರೂ ಬಂದೀತು, ಅದು ಬಾರದು. ಇನ್ನು ಗೋಥೆನ್‌ಬರ್ಗ್‌ನಿಂದ ಬೆಂಗಳೂರಿನ ಸರ್ವರಿಗೆ ಹೋಗಿ ಬರಲು 150 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ, ಅದು ನಾಲ್ಕೂಮುಕ್ಕಾಲು ವರ್ಷ.

ಪ್ರೋಗ್ರಾಮಿನಲ್ಲಿ ಇವೆಲ್ಲವೂ ನೋಡಲು ಒಂದೇ ತೆರನಾದ ಒಂದೊಂದು ಸಾಲು. ಒಂದು ಸಾಲು ಸಾಸಿವೆ ಡಬ್ಬಿ, ಇನ್ನೊಂದು ಸಾಲು ನಾಲ್ಕೂಮುಕ್ಕಾಲು ವರ್ಷದ ಯಾತ್ರೆ. ಅಕ್ಷರಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಇಲ್ಲಿಯೇ ಪಳಗಿದವರೂ ಮುಗ್ಗರಿಸುವುದು.

ದೂರದ ಯಾತ್ರೆ ಮಾಡುವವರು ಏನು ಮಾಡಬೇಕೆಂದು ಈ ಊರಿಗೆ ಚೆನ್ನಾಗಿ ಗೊತ್ತಿತ್ತು. 1731ರಲ್ಲಿ ಇಲ್ಲಿ ಶುರುವಾದ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಚೀನಾದ ಕ್ಯಾಂಟನ್‌ಗೆ ಹೋಗಿ ಬರಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತಿತ್ತು. ಅಷ್ಟು ದೂರ ಹೋಗಿ ಒಂದೇ ಒಂದು ಟೀ ಕಪ್ಪು ತರುವವರುಂಟೇ? ಹಡಗಿನ ಹೊಟ್ಟೆ ತುಂಬ ಚಹಾ, ಪಿಂಗಾಣಿ, ರೇಷ್ಮೆ ತುಂಬಿಕೊಂಡು ಬರುತ್ತಿದ್ದರು. ಕಂಪನಿಯ ಆ ಕಟ್ಟಡವೇ ಇಂದಿನ ನಗರ ವಸ್ತುಸಂಗ್ರಹಾಲಯ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ನೆನಪಿಸಿಕೊಳ್ಳಿ, ಪ್ರೊಸೆಸರ್ ಮಾಡುವುದೂ ಇದನ್ನೇ. ನಾವು ನಾಲ್ಕು ಬೈಟು ಕೇಳಿದರೂ ಅದು ಮೆಮೊರಿಯಿಂದ ಅಕ್ಕಪಕ್ಕದ್ದೂ ಸೇರಿದಂತೆ ಒಟ್ಟಿಗೆ 64 ಬೈಟುಗಳನ್ನು ತರುತ್ತದೆ. ಸಾಮಾನ್ಯ ಪಿಸಿಗಳಲ್ಲಿ ಇದೇ ವಾಡಿಕೆಯ ಅಳತೆ.

ಇದರ ಪರಿಣಾಮ ನೋಡಬೇಕೇ? ಅಡ್ಡ 10,000, ಉದ್ದ 10,000 ಮನೆಗಳ ಒಂದು ಕೋಷ್ಟಕ ಮಾಡಿ, ಪ್ರತಿ ಮನೆಯಲ್ಲೂ ನಾಲ್ಕು ಬೈಟಿನ ಒಂದು ಅಂಕಿ ಇಡಿ. ಸಿ ಭಾಷೆಯಲ್ಲಿ ಬರೆದರೆ ಒಂದು ಅಡ್ಡಸಾಲಿನ ಅಂಕಿಗಳೆಲ್ಲ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕೂರುತ್ತವೆ. ಅಡ್ಡಸಾಲಿನಲ್ಲೇ ಕೂಡುತ್ತ ಹೋದರೆ ಒಂದು ಸಲ ತಂದ 64 ಬೈಟಿನಲ್ಲಿ 16 ಅಂಕಿಗಳೂ ಉಪಯೋಗಕ್ಕೆ ಬರುತ್ತವೆ. ಮೇಲಿಂದ ಕೆಳಕ್ಕೆ ಕೂಡುತ್ತ ಹೋದರೆ ಒಂದನ್ನು ಬಳಸಿ ಹದಿನೈದನ್ನು ಬಿಸಾಡಿದಂತೆ. ಮತ್ತೆ ಬೇಕಾಗುವ ಹೊತ್ತಿಗೆ ಅವು ಕ್ಯಾಶಿನಿಂದ ಜಾಗ ಖಾಲಿ ಮಾಡಿರುತ್ತವೆ. ಎರಡರಲ್ಲೂ ಕೂಡುವ ಲೆಕ್ಕ ಹತ್ತು ಕೋಟಿಯೇ, ಉತ್ತರವೂ ಒಂದೇ. ಆದರೆ ಎರಡನೆಯದು ಹಲವು ಪಟ್ಟು ನಿಧಾನ. ಹಾಳೆಯ ಮೇಲಿನ ಅಲ್ಗಾರಿದಮ್ ಮಾತ್ರ ಓದಿದವರಿಗೆ ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಹೊಳೆಯುವುದೇ ಇಲ್ಲ. ಇನ್ನೂ ದೊಡ್ಡ ಯಂತ್ರ ಬಾಡಿಗೆಗೆ ತನ್ನಿ ಎನ್ನುತ್ತಾರೆ, ಬಿಲ್ಲು ಬೆಳೆಯುತ್ತದೆ, ವಿದ್ಯುತ್ತೂ ಉರಿಯುತ್ತದೆ.

ನಿಧಾನವಾದರೆ ಕಾಯಬಹುದು, ತಪ್ಪಾದರೆ? 2003ರ ಮೇ 18ರಂದು ಬೆಲ್ಜಿಯಂನ ಚುನಾವಣೆಯಲ್ಲಿ, ಬ್ರಸೆಲ್ಸ್‌ನ ಸ್ಖಾರ್‌ಬೇಕ್ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಬರಬೇಕಾದ್ದಕ್ಕಿಂತ 4,096 ಮತ ಹೆಚ್ಚು ಬಂದವು. ಅಷ್ಟು ಮತ ಬರಲು ಸಾಧ್ಯವೇ ಇರಲಿಲ್ಲವಾದ್ದರಿಂದ ಸಿಕ್ಕಿಬಿತ್ತು. ತಂತ್ರಾಂಶವನ್ನು ಜಾಲಾಡಿದರೂ ದೋಷ ಕಾಣಲಿಲ್ಲ. ಆದರೆ ಯಂತ್ರ ಬಲ್ಲವರಿಗೆ ಆ ಅಂಕಿಯೇ ಸುಳಿವು. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4,096, ಅಂದರೆ ಹದಿಮೂರನೆಯ ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿದೆ! ಬಿಟ್ಟೊಂದು ತಾನಾಗಿಯೇ ಮಗುಚಿರಬೇಕೆಂದು ತೀರ್ಮಾನವಾಯಿತು. ಬಾಹ್ಯಾಕಾಶದ ಕಿರಣವೇ ಕಾರಣವಿರಬಹುದು ಎಂಬುದು ಊಹೆಯಾಗಿಯೇ ಉಳಿಯಿತು.

ಬಾಹ್ಯಾಕಾಶದಲ್ಲೇ ಇರುವ ಉಪಗ್ರಹಗಳಿಗೆ ಇದು ನಿತ್ಯದ ಪಾಡು. ಅದಕ್ಕೆ ಪರಿಹಾರ ಹುಡುಕಿದವರು ನಮ್ಮ ಈ ಊರಿನಲ್ಲೇ ಇದ್ದಾರೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಯಿರಿ ಗೈಸ್ಲರ್ ಅವರು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯಲ್ಲಿದ್ದಾಗ 1997ರಲ್ಲಿ ಲಿಯಾನ್ ಎಂಬ ಪ್ರೊಸೆಸರಿನ ಕೆಲಸ ಶುರುವಾಯಿತು. 2001ರಲ್ಲಿ ಅವರು ಗೋಥೆನ್‌ಬರ್ಗ್‌ನಲ್ಲಿ ಸ್ವಂತ ಕಂಪನಿ ಕಟ್ಟಿದರು. ವಿಕಿರಣ ತಡೆಯಲು ರೂಪಿಸಿದ ಲಿಯಾನ್ ವಿನ್ಯಾಸದಲ್ಲಿ ಬಿಟ್ಟನ್ನು ಮೂರು ಕಡೆ ಇಟ್ಟು, ಒಂದು ಮಗುಚಿದರೆ ಉಳಿದೆರಡರ ಬಹುಮತಕ್ಕೆ ಬೆಲೆ ಕೊಡುವ ಉಪಾಯವಿದೆ. ನಮ್ಮ ಪಂಚಾಯಿತಿ ಕಟ್ಟೆಯ ನ್ಯಾಯವೇ!

ಇಲ್ಲಿನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲೂ ಕಲಿಯಬೇಕಾದ ಪಾಠವೊಂದಿದೆ. ಯಂತ್ರದಿಂದ ಅತ್ಯಂತ ದೂರದಲ್ಲಿರುವ, ಬಹುತೇಕ ಗಣಿತವೇ ಎನ್ನಬಹುದಾದ ಹ್ಯಾಸ್ಕೆಲ್‌ನಂಥ ಭಾಷೆಗಳಿಗೆ ಅದು ತವರು. ಕೋನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪ್ರಕಟಿಸಿದ ಕ್ವಿಕ್‌ಚೆಕ್ ಹುಟ್ಟಿದ್ದು ಅಲ್ಲೇ. ಹಾಗೆಂದು ಅವರು ಯಂತ್ರಕ್ಕೆ ಬೆನ್ನು ಹಾಕಿದರೇ? ಇಲ್ಲ. 1980ರ ದಶಕದಲ್ಲೇ ಲೆನ್ನಾರ್ಟ್ ಔಗುಸ್ಟ್‌ಸನ್ ಮತ್ತು ಥಾಮಸ್ ಯೋನ್ಸನ್ ಇಂಥ ಭಾಷೆಗಳನ್ನು ನಿಜವಾದ ಯಂತ್ರದ ಮೇಲೆ ವೇಗವಾಗಿ ಓಡಿಸುವ ದಾರಿ ತೋರಿಸಿದ್ದರು. ಮೇರಿ ಶೀರನ್ ಮತ್ತು ಸಂಗಡಿಗರು 1998ರಲ್ಲಿ ಹ್ಯಾಸ್ಕೆಲ್ ಭಾಷೆಯಲ್ಲೇ ಯಂತ್ರಾಂಶ ವಿನ್ಯಾಸ ಮಾಡುವ ಲಾವಾವನ್ನು ಮುಂದಿಟ್ಟರು. ಮಾಳಿಗೆಯ ಮೇಲೆ ನಿಂತವರೇ ನೆಲಮಾಳಿಗೆಗೂ ಇಳಿದು ಬಂದರು. ನಾವು ಮಾಳಿಗೆಯಲ್ಲೇ ಉಳಿದು, ನೆಲಮಾಳಿಗೆ ಇದೆಯೆಂಬುದನ್ನೇ ಮರೆತೆವು.

"ಸರಿ ಸ್ವಾಮಿ, ಕಾರು ಓಡಿಸುವವನಿಗೆ ಎಂಜಿನ್ ಬಿಚ್ಚಲು ಬರಬೇಕೇ?" ಎಂಬ ಹಳೆಯ ವಾದವೊಂದಿದೆ. ಬೇಕಿಲ್ಲ, ಒಪ್ಪೋಣ. ಆದರೆ ಸ್ವೀಡನ್ನಿನಲ್ಲಿ ಕಾರಿನ ಲೈಸೆನ್ಸ್ ಬೇಕಾದರೆ ಜಾರುವ ಹಾದಿಯಲ್ಲಿ ಓಡಿಸುವ ಪಾಠ ಕಡ್ಡಾಯ. ಹಿಮದ ದಿನಗಳಿದ್ದರೆ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರೂ ಕಡ್ಡಾಯ. ಇದನ್ನು ಮಾಡಿದವರು ನಮ್ಮನ್ನು ಮೆಕ್ಯಾನಿಕ್ ಮಾಡಲು ಹೊರಟವರಲ್ಲ. ಬ್ರೇಕ್ ಒತ್ತಿದೊಡನೆ ಕಾರು ನಿಲ್ಲುವುದಿಲ್ಲ ಎಂಬುದನ್ನು ನಮ್ಮ ಮೈಗೆ ಕಲಿಸುತ್ತಾರೆ, ಅಷ್ಟೆ. ಪ್ರೋಗ್ರಾಮ್ ಬರೆಯುವವರಿಗೂ ಬೇಕಾದದ್ದು ಇಷ್ಟೇ. ಯಂತ್ರ ಎಲ್ಲಿ ಜಾರುತ್ತದೆ ಎಂಬುದು ಮೈಗೆ ಗೊತ್ತಿರಬೇಕು.

ಇನ್ನು ಕನ್ನಡದ ಮಾತಿಗೆ ಬರೋಣ, ಆಕಳಿಸುತ್ತಿದ್ದವರು ಏಳಿ! ಯುಟಿಎಫ್-8 ಎಂಬ ಇಂದಿನ ರೂಢಿಯಲ್ಲಿ 'ಕನ್ನಡ' ಎಂಬ ಪದ ಕ, ನ, ಹಲಂತ, ನ, ಡ ಎಂದು ಐದು ಸಂಕೇತಗಳಾಗುತ್ತದೆ, ಒಂದೊಂದಕ್ಕೆ ಮೂರರಂತೆ 15 ಬೈಟು. ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ಎಂಬ ಜಾಲದ ಮೂಲ ರೂಪದಲ್ಲಿ ಒಂದು ಸಂದೇಶಕ್ಕೆ ಹಿಡಿಸುವುದು ಎಂಟೇ ಬೈಟು. ನಮ್ಮ ಭಾಷೆಯ ಹೆಸರು ಹೇಳಲು ಎರಡು ಸಂದೇಶ ಬೇಕು! ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಸಂಕೇತ ಮಾತ್ರ ಏಕೆ ಎಂಬುದಕ್ಕೂ ಉತ್ತರ ಇಂಥ ಬೈಟುಗಳ ಲೆಕ್ಕದಲ್ಲೇ ಇದೆ.

ಕನ್ನಡ ಪರದೆಯ ಮೇಲೆ ಮೂಡಿದ್ದೂ ಯಂತ್ರ ಬಲ್ಲವರಿಂದಲೇ. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಎಂಬುದು ಪಿಸಿಯ ಒಳಗೆ ಸಿಕ್ಕಿಸುವ ಒಂದು ಕಾರ್ಡ್. ಅದನ್ನು ಸಿಕ್ಕಿಸಿದರೆ ಇಂಗ್ಲಿಷಿಗೆಂದೇ ಬರೆದ ಪ್ರೋಗ್ರಾಮುಗಳಲ್ಲೂ ಭಾರತೀಯ ಲಿಪಿಗಳು ಕಾಣುತ್ತಿದ್ದವು. ಕೆ. ಪಿ. ರಾಯರು ಇದ್ದ ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳ ಮೇಲೆಯೇ ಕನ್ನಡದ ವರ್ಣಮಾಲೆಯನ್ನು ಅಚ್ಚುಕಟ್ಟಾಗಿ ಕೂರಿಸಿದರು. ಯಂತ್ರದ ಮಿತಿಯನ್ನು ಅರಿತವರು ಆ ಮಿತಿಯೊಳಗೇ ನಮ್ಮ ಭಾಷೆಗೆ ಜಾಗ ಮಾಡಿಕೊಟ್ಟರು. ಅರಿಯದವರಾಗಿದ್ದರೆ "ಇದಕ್ಕೆ ಕನ್ನಡ ಬರುವುದಿಲ್ಲ" ಎಂದು ಕೈಚೆಲ್ಲುತ್ತಿದ್ದರು.

ಈಗ ಕೋಡನ್ನು ಯಂತ್ರವೇ ಬರೆದುಕೊಡುವ ಕಾಲ. ಬರೆಯುವ ಶ್ರಮ ಕಡಿಮೆಯಾದಷ್ಟೂ, ಬರೆದದ್ದು ಒಳ್ಳೆಯದೇ ಕೆಟ್ಟದ್ದೇ ಎಂದು ತೂಗುವ ಹೊಣೆ ನಮ್ಮಂಥ ಹಳಬರ ಮೇಲೆ ಬೀಳುತ್ತದೆ. ಆಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಈ ಮಾಹಿತಿ ಎಲ್ಲಿ ಕೂತಿದೆ? ಅಲ್ಲಿಗೆ ಎಷ್ಟು ದೂರ? ಎಷ್ಟು ಸಲ ಹೋಗಿಬರುತ್ತೇವೆ? ಒಂದು ಬಿಟ್ ಮಗುಚಿದರೆ ಏನಾದೀತು? ಇವನ್ನು ಕೇಳಲು ಮತ್ತೊಂದು ಪದವಿ ಬೇಕಿಲ್ಲ. ಮೇಲೆ ಹೇಳಿದ ಕೋಷ್ಟಕದ ಪ್ರಯೋಗಕ್ಕೆ ಇಪ್ಪತ್ತು ಸಾಲಿನ ಪ್ರೋಗ್ರಾಮ್ ಸಾಕು, ಗೂಡಂಗಡಿಯ ಟೀ ಕುಡಿಯುವಷ್ಟು ಹೊತ್ತೂ ಹಿಡಿಯದು. ಅಟ್ಟ ಸೇರಿದ ಹಳೆಯ ಪಿಸಿಯ ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಯಾವುದು ಪ್ರೊಸೆಸರ್, ಯಾವುದು ಮೆಮೊರಿ, ಎರಡರ ನಡುವೆ ಎಷ್ಟು ಬೆರಳಿನ ಅಂತರ ಎಂದು ಮಕ್ಕಳ ಜೊತೆ ನೋಡಿ. ನಾವು ಇಷ್ಟು ವರ್ಷ ಅನ್ನ ಉಂಡದ್ದು ಆ ನಾಲ್ಕು ಬೆರಳಿನ ಅಂತರದ ಮೇಲೆಯೇ ಅಲ್ಲವೇ?

ಈ ದೀರ್ಘ ಚಳಿಗಾಲದ ಸಂಜೆಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಬೇಕೆಂದರೆ, ಹೇಗೂ ಬಳಗದ ಪುಸ್ತಕಗಳಿದ್ದೇ ಇವೆ!