ಹಿತ್ತಲು ಹಸನಾದರೆ ಕಡಲೆಕಾಯಿ ಹೊಲಕ್ಕೆ ಕ್ಷೇಮ

ಮುಂಗಾರಿನ ಮೊದಲ ಒಂದೆರಡು ಹದ ಮಳೆ ಬಿದ್ದೊಡನೆ ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ ಸುತ್ತಿನ ಊರುಗಳಲ್ಲಿ ಹಿತ್ತಲು, ಕಣ, ತಿಪ್ಪೆಯ ಅಂಚು, ರೈಲು ಹಳಿಯ ಬದಿ, ಹೊಲದ ಬದು ಎಲ್ಲವೂ ಹಸಿರಾಗುತ್ತವೆ. ಈ ಹಸಿರಿನಲ್ಲಿ ಪಾರ್ಥೇನಿಯಂ ಕಳೆಯ ಪಾಲು ಬಹಳ. ಹಿತ್ತಲು ಸವರುವ ಕೆಲಸವಾದರೋ ಸಾಮಾನ್ಯವಾಗಿ ಬಿತ್ತನೆ ಮುಗಿದು ಕೈ ಬಿಡುವಾದ ಮೇಲೆ, ಇಲ್ಲವೆ ಹಬ್ಬ ಹತ್ತಿರ ಬಂದಾಗ ನಡೆಯುತ್ತದೆ. ಅಷ್ಟರಲ್ಲಿ ಗಿಡ ಸೊಂಟದುದ್ದ ಬೆಳೆದು ಬಿಳಿ ಹೂ ತಳೆದಿರುತ್ತದೆ. ಅಂದು ಪಟ್ಟ ಶ್ರಮದಿಂದ ಅಂಗಳ ಚೊಕ್ಕಟವಾಗಿ ಕಂಡೀತು. ಹೊಲದ ಬೆಳೆಗೆ ತಟ್ಟಬೇಕಾದ ಕೇಡು ಮಾತ್ರ ತಟ್ಟಿಯೇ ಇರುತ್ತದೆ.

ಈ ಕೇಡು ಎಂಥದೆಂಬುದನ್ನು ನೆರೆಯ ಊರುಗಳೇ ಕಂಡಿವೆ. ಸೂರ್ಯಕಾಂತಿಯ ನೆಕ್ರೋಸಿಸ್ ರೋಗ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1997ರಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಬಾಗೇಪಲ್ಲಿಯಲ್ಲಿ. 2000ದ ಮುಂಗಾರಿನಲ್ಲಿ ಗಡಿಯಾಚೆಯ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿ ಬೆಳೆ ಸುಮಾರು 2.25 ಲಕ್ಷ ಹೆಕ್ಟೇರಿನಲ್ಲಿ ಕಾಂಡ ಕಪ್ಪಾಗಿ ಒಣಗಿತು. ನಷ್ಟ 300 ಕೋಟಿ ರೂಪಾಯಿ ಮೀರಿತೆಂದು ಅಂದಾಜು. ಎರಡು ರೋಗಗಳಿಗೂ ಕಾರಣ ಒಂದೇ ನಂಜುರೋಗಾಣು. ಇದನ್ನು ತಂಬಾಕಿನ ಸ್ಟ್ರೀಕ್ ವೈರಸ್ ಎಂದು ಕರೆಯುತ್ತಾರೆ.

ಈ ನಂಜು ಪಾರ್ಥೇನಿಯಂ ಗಿಡದಲ್ಲಿ ಯಾವ ಚಿಹ್ನೆಯನ್ನೂ ತೋರದೆ ಅಡಗಿರುತ್ತದೆ. ಗಿಡ ಹೂ ಬಿಟ್ಟಾಗ ಪರಾಗದಲ್ಲಿ ಸೇರಿಕೊಳ್ಳುತ್ತದೆ. ಹೂವಿನಲ್ಲಿರುವ ಥ್ರಿಪ್ಸ್ ನುಸಿಗಳು ಮೈಗೆ ಪರಾಗ ಮೆತ್ತಿಕೊಂಡು ಹೊಲಕ್ಕೆ ಹಾರುತ್ತವೆ. ಗಾಳಿಯೂ ಪರಾಗವನ್ನು ಎಲೆಗಳ ಮೇಲೆ ಉದುರಿಸುತ್ತದೆ. ನುಸಿ ಎಲೆಯನ್ನು ಕೆರೆದು ರಸ ಹೀರುವಾಗ ಆ ಗಾಯದ ಮೂಲಕ ನಂಜು ಒಳಹೊಗುತ್ತದೆ. ಮೊದಲು ಸುಳಿಯ ಎಲೆಗಳು, ಬಳಿಕ ಕಾಂಡ ಕಪ್ಪಾಗುತ್ತವೆ. ಒಂದು ತಿಂಗಳೊಳಗಿನ ಎಳೆಯ ಗಿಡಕ್ಕೆ ತಗುಲಿದರೆ ಗಿಡ ಉಳಿಯುವುದು ಅಪರೂಪ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದೊಂದಿದೆ. ಕಡಲೆಕಾಯಿ ಗಿಡದಿಂದ ಗಿಡಕ್ಕೆ ಈ ರೋಗ ಹರಡುವುದಿಲ್ಲವೆಂದೇ ಹೇಳಬಹುದು, ಬೀಜದ ಮೂಲಕವೂ ಬರುವುದಿಲ್ಲ. ಬರುವುದೆಲ್ಲ ಹೊರಗಿನ ಕಳೆಯಿಂದಲೇ. ಆದುದರಿಂದ ರೋಗ ಕಂಡ ಗಿಡಗಳನ್ನು ಕಿತ್ತೆಸೆದು ಬೆಳೆ ಉಳಿಸುವ ಪ್ರಯತ್ನ ವ್ಯರ್ಥ. ಬಿತ್ತುವ ಮೊದಲೇ ಹಿತ್ತಲು ಮತ್ತು ಬದುಗಳ ಕಳೆ ತೆಗೆಯುವುದೇ ನಿಜವಾದ ಹತೋಟಿ.

ಪಾರ್ಥೇನಿಯಂ ಮೊಳೆತ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡಬಲ್ಲದು. ಮಳೆ ಬಿದ್ದ ಮೂರು ವಾರದೊಳಗೆ ಒಂದು ದಿನವನ್ನು ಈ ಕೆಲಸಕ್ಕೆಂದೇ ಎತ್ತಿಡಬೇಕು. ಹಿಂದಿನ ರಾತ್ರಿ ಮಳೆಯಾಗಿದ್ದರೆ ಬಹಳ ಅನುಕೂಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ರಾಸುಗಳಿಗೆ ಮೇವು ನೀರು ತೋರಿಸಿದ ಮೇಲೆ ನೆಲ ಹಸಿಯಾಗಿರುವಾಗಲೇ ಕೀಳಲು ತೊಡಗಬೇಕು. ಕುಡುಗೋಲಿನಿಂದ ಕೊಯ್ದರೆ ಬುಡ ಮತ್ತೆ ಚಿಗುರಿ, ಗಿಡ್ಡ ಗಿಡದಲ್ಲೇ ಹೂ ಬರುತ್ತದೆ; ಬೇರುಸಹಿತ ಕೀಳುವುದೇ ಸರಿ. ಕೈಗೆ ಕೈಚೀಲ, ಇಲ್ಲವಾದರೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ತುಂಬು ತೋಳಿನ ಅಂಗಿ ಹಾಕಿಕೊಳ್ಳಬೇಕು. ಕೆಲವರಿಗೆ ಈ ಗಿಡ ತಗುಲಿದರೆ ಮೈ ತುರಿಸಿ ಗಂಧೆ ಏಳುತ್ತದೆ. ಒಮ್ಮೆ ಹಾಗಾದವರಿಗೆ ಈ ಕೆಲಸವನ್ನು ಮತ್ತೆ ಹಚ್ಚಬಾರದು. ಅನೇಕ ಮನೆಗಳಲ್ಲಿ ಇದು ಹೆಂಗಸರ ಪಾಲಿಗೇ ಬೀಳುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಹೂ ಬರದ ಗಿಡಗಳನ್ನು ಸಗಣಿ, ಮಣ್ಣಿನೊಡನೆ ಗುಂಡಿಗೆ ತುಂಬಿ ಗೊಬ್ಬರ ಮಾಡಬಹುದು. ಹೂ ಬಂದವನ್ನು ತಿಪ್ಪೆಗೆ ಹಾಕಕೂಡದು. ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಕೊಡಬಲ್ಲದು. ತಿಪ್ಪೆಗೊಬ್ಬರದೊಡನೆ ಅವೆಲ್ಲ ಹೊಲಕ್ಕೇ ಹೋಗುತ್ತವೆ. ಕಿತ್ತ ಗಿಡ ಮೇವಿನ ಹುಲ್ಲಿನಲ್ಲಿ ಬೆರೆಯದಂತೆಯೂ ನೋಡಿಕೊಳ್ಳಬೇಕು, ಹಾಲು ಕಹಿಯಾದೀತು.

ಬಿಸಿಲೇರಿದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಗೌರಿಬಿದನೂರಿಗೋ ಬೀಜ ತರಲು ಹೋಗುವವರು ಕಡಲೆಕಾಯಿಯ ಜೊತೆಗೆ ಸ್ವಲ್ಪ ಜೋಳ ಅಥವಾ ಸಜ್ಜೆ ಬೀಜವನ್ನೂ ತಂದುಕೊಳ್ಳಲಿ. ಹೊಲದ ಸುತ್ತ ಇವುಗಳ ಕೆಲವು ಸಾಲು ಒತ್ತಾಗಿ ಬಿತ್ತಿದರೆ ಬೇಗ ಎತ್ತರಕ್ಕೆ ಬೆಳೆದು ನುಸಿಗೂ ಪರಾಗಕ್ಕೂ ತಡೆಯಾಗುತ್ತವೆ. ಪಕ್ಕದವರ ಬೀಳು ಜಮೀನಿನ ಕಳೆಯನ್ನು ಕೇಳುವವರಿಲ್ಲ ಎನ್ನುವ ರೈತನಿಗೆ ಸದ್ಯಕ್ಕಿರುವ ಒಳ್ಳೆಯ ಉಪಾಯ ಇದು.

ಅಂಥ ಬೀಳು ನೆಲದಲ್ಲಿ ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೀರುಗಳಿರುವ ಪುಟ್ಟ ದುಂಬಿ ಪಾರ್ಥೇನಿಯಂ ಎಲೆ ತಿನ್ನುತ್ತಿದ್ದರೆ ಅಲ್ಲಿ ಔಷಧಿ ಸಿಂಪಡಿಸಬೇಡಿ. ಇದು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ. ಬೇಸಗೆಯಲ್ಲಿ ಮಣ್ಣಿನಲ್ಲಡಗಿದ್ದು ಮಳೆ ಬಿದ್ದ ಮೇಲೆ ಹೊರಬರುತ್ತದೆ. ಆದರೆ ಅದರ ಸಂಖ್ಯೆ ಹೆಚ್ಚುವ ಹೊತ್ತಿಗೆ ಮೊದಲ ಹೂವು ಅರಳಿಬಿಟ್ಟಿರುವುದುಂಟು. ಹೊಲದ ಬದುವಿನ ಕಳೆಯನ್ನು ದುಂಬಿಗೆ ಬಿಟ್ಟು ಕೂರುವಂತಿಲ್ಲ.