ಮನದೊಳಗಿನ ನ್ಯಾಯಪೀಠ

ಬಲಿಪೂಜೆಯ ಆರಂಭದಲ್ಲಿ ಎದೆ ಬಡಿದುಕೊಂಡು ಪಾಪಗಳನ್ನು ಒಪ್ಪಿಕೊಳ್ಳುವಾಗ ನಾವು ಮಾತು, ಕೃತ್ಯ, ಕರ್ತವ್ಯಲೋಪಗಳಿಗಿಂತ ಮೊದಲು ಆಲೋಚನೆಯನ್ನು ಹೆಸರಿಸುತ್ತೇವೆ. ನಾಲಿಗೆ ಅದನ್ನು ಅಭ್ಯಾಸಬಲದಿಂದ ಹೇಳಿ ಮುಗಿಸುತ್ತದೆ. ಪಾಪನಿವೇದನೆಗೆ ಹೋದಾಗಲೂ ಆಡಿದ ಮಾತು, ಮಾಡಿದ ಜಗಳ ನೆನಪಾಗುತ್ತವೆಯೇ ಹೊರತು, ಪರರ ಬಗೆಗೆ ಮನಸ್ಸಿನಲ್ಲೇ ಬರೆದಿಟ್ಟುಕೊಂಡ ತೀರ್ಪುಗಳು ನೆನಪಾಗುವುದು ಅಪರೂಪ.

ಆದರೆ ಅದೆಷ್ಟು ಕುಟುಂಬಗಳು ಬಾಯಿಜಗಳಕ್ಕಿಂತ ಮೊದಲೇ ಮನಸ್ಸಿನಲ್ಲಿ ಒಡೆದಿರುತ್ತವೆ! ಸೊಸೆ ಸುಮ್ಮನಿದ್ದರೆ ಅಹಂಕಾರ, ಮಾತನಾಡಿದರೆ ಅಧಿಕಪ್ರಸಂಗ. ತಮ್ಮ ಹಣ ಕೊಟ್ಟರೆ ದೊಡ್ಡಸ್ತಿಕೆ, ಕೊಡದಿದ್ದರೆ ಜಿಪುಣತನ. ತೀರ್ಪು ಒಮ್ಮೆ ಬಿದ್ದ ಮೇಲೆ ಎದುರಿನವರು ಏನು ಮಾಡಿದರೂ ಅದಕ್ಕೆ ಸಾಕ್ಷ್ಯವೇ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಸಾಕಷ್ಟು ಆಧಾರವಿಲ್ಲದೆ ನೆರೆಯವನ ದೋಷವನ್ನು ಮೌನವಾಗಿ ನಂಬುವುದನ್ನೂ ಎಂಟನೆಯ ಆಜ್ಞೆಯ ಉಲ್ಲಂಘನೆಗಳಲ್ಲಿ ಸೇರಿಸಿದೆ. ಅಲ್ಲಿಯೇ ಲೊಯೋಲಾದ ಸಂತ ಇಗ್ನಾಸಿಯವರ ಬುದ್ಧಿವಾದವನ್ನೂ ಸ್ಮರಿಸುತ್ತದೆ: ಪರರ ಮಾತಿಗೆ ಸಾಧ್ಯವಾದಷ್ಟು ಒಳ್ಳೆಯ ಅರ್ಥವನ್ನೇ ಕೊಡಬೇಕು; ಅರ್ಥವಾಗದಿದ್ದರೆ ಅವರನ್ನೇ ಕೇಳಬೇಕು. ಕೇಳುವುದು! ಈ ಸುಲಭದ ಕೆಲಸವನ್ನು ನಾವು ಎಷ್ಟು ಬಾರಿ ಮಾಡಿದ್ದೇವೆ?

ಫ್ರಾನ್ಸಿನ ಲಿಸ್ಯೂ ಪಟ್ಟಣದ ಸಂತ ತೆರೇಸಾ 1888ರಲ್ಲಿ, ತಮ್ಮ 15ನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠ ಸೇರಿದವರು. 1897ರಲ್ಲಿ, 24ರ ಹರೆಯದಲ್ಲೇ ಕ್ಷಯರೋಗದಿಂದ ತೀರಿಕೊಂಡರು. ಮಠವೆಂದರೆ ದೇವದೂತರ ಬೀಡು ಎಂದು ಭಾವಿಸುವ ನಮಗೆ ಅವರ ಆತ್ಮಕಥೆ ಬೇರೆಯೇ ಚಿತ್ರ ಕೊಡುತ್ತದೆ. ಹಗಲಿರುಳು ಅದೇ ಗೋಡೆಗಳು, ಅದೇ ಮುಖಗಳು. ನಮ್ಮ ಕೂಡು ಕುಟುಂಬಗಳಂತೆಯೇ.

ಒಮ್ಮೆ ಕ್ರಿಸ್ತಜಯಂತಿಯ ಗೋದಲಿಗೆ ಮರದ ರೆಂಬೆಗಳನ್ನು ಒಳತರುವ ಕೆಲಸಕ್ಕೆ ಒಬ್ಬ ಭಗಿನಿಯ ನೆರವು ಬೇಕಾಯಿತು. ಹೋಗಲು ತೆರೇಸಾರಿಗೆ ಆಸೆಯೇನೋ ಇತ್ತು. ಆದರೆ ಪಕ್ಕದಲ್ಲಿದ್ದ ಭಗಿನಿಗೂ ಆ ಆಸೆ ಇರಬಹುದೆಂದು ಊಹಿಸಿ, ಆಕೆ ಮುಂದಾಗಲೆಂದು ತಮ್ಮ ಏಪ್ರನ್ನನ್ನು ಬೇಕೆಂದೇ ನಿಧಾನವಾಗಿ ಬಿಚ್ಚಿದರು. ಆಕೆ ಮುಂದಾದರು. ಫಲವೇನು? ಈಕೆಗೆ ಕೆಲಸವೆಂದರೆ ಆಲಸ್ಯ ಎಂದು ನಗೆಯಾಡಿದರು. ಅಲ್ಲಿದ್ದವರೂ ಹಾಗೆಯೇ ತಿಳಿದರು. ತೆರೇಸಾ ಸಮಜಾಯಿಷಿ ಕೊಡಲಿಲ್ಲ. ಇದರಿಂದ ಅವರು ಕಲಿತ ಪಾಠ ದೊಡ್ಡದು. ತಮ್ಮ ಪುಟ್ಟ ತ್ಯಾಗವೇ ಪರರ ಕಣ್ಣಿಗೆ ದೋಷವಾಗಿ ಕಂಡಿತೆಂದ ಮೇಲೆ, ಪರರಲ್ಲಿ ತಮಗೆ ಕಾಣುವ ದೋಷವೂ ಅರಿಯದ ಯಾವುದೋ ಸದ್ಗುಣವಾಗಿರಬಾರದೇಕೆ? ಅಂದಿನಿಂದ ಯಾರ ಮೇಲಾದರೂ ಕಠಿಣ ವಿಚಾರ ಸುಳಿದರೆ ಅವರು ಅದನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸುತ್ತಿದ್ದರು.

ಹಾಗೆಂದು ಅವರಿಗೆ ಎಲ್ಲರೂ ಹಿತವೆನಿಸುತ್ತಿದ್ದರೆಂದಲ್ಲ. ಒಬ್ಬ ಭಗಿನಿಯ ನಡೆ, ನುಡಿ, ಸ್ವಭಾವ ಯಾವುದೂ ಅವರಿಗೆ ಸಹ್ಯವಾಗುತ್ತಿರಲಿಲ್ಲ. ಈ ಅಸಹನೆಯನ್ನು ಅವರು ಅಲ್ಲಗಳೆಯಲಿಲ್ಲ, ಅದಕ್ಕೆ ಮಣಿಯಲೂ ಇಲ್ಲ. ಆಕೆ ಎದುರಾದಾಗಲೆಲ್ಲ ಆಕೆಗಾಗಿ ಪ್ರಾರ್ಥಿಸಿದರು. ಆಕೆಯ ಸದ್ಗುಣಗಳನ್ನು ಆಯ್ದು ದೇವರಿಗೆ ಅರ್ಪಿಸಿದರು. ತನ್ನ ಕೃತಿಯನ್ನು ಹೊಗಳಿದರೆ ಶಿಲ್ಪಿಗೆ ಸಂತೋಷ ತಾನೇ? ಆ ಭಗಿನಿಯೂ ಪ್ರಭುವಿನ ಕೃತಿ ಎಂಬುದು ಅವರ ವಿಶ್ವಾಸ. ಕಟುಮಾತು ನಾಲಿಗೆಯ ತುದಿಗೆ ಬಂದಾಗ ನಗುವರು. ಅದೂ ಆಗದಿದ್ದರೆ ಸೈನ್ಯ ತೊರೆದ ಸಿಪಾಯಿಯಂತೆ ಓಡಿಹೋಗುವರು! ಸಂತರೊಬ್ಬರ ಈ ಪಲಾಯನ ನಮಗಂತೂ ಬಹಳ ಸಮಾಧಾನ ತಂದಿದೆ.

ಕೊನೆಗೊಮ್ಮೆ ಆ ಭಗಿನಿಯೇ ಬಂದು, ನನ್ನಲ್ಲಿ ಅಂಥ ಆಕರ್ಷಣೆ ಏನಿದೆ, ನೋಡಿದಾಗಲೆಲ್ಲ ನಗುತ್ತೀರಲ್ಲ ಎಂದು ಹರ್ಷದಿಂದ ವಿಚಾರಿಸಿದರಂತೆ. ನಿಮ್ಮನ್ನು ಕಂಡ ಸಂತೋಷಕ್ಕೆ ಎಂದರು ತೆರೇಸಾ. ಆ ಸಂತೋಷ ಆತ್ಮಿಕ ದೃಷ್ಟಿಯದು ಎಂಬುದನ್ನು ಮಾತ್ರ ಹೇಳಲಿಲ್ಲ ಎಂದು ನಿಷ್ಕಪಟವಾಗಿ ಬರೆದಿದ್ದಾರೆ. ಇದನ್ನು ಕಪಟವೆನ್ನುವವರು ಇರಬಹುದು. ನಾವು ಒಪ್ಪುವುದಿಲ್ಲ. ಭಾವನೆ ಒಲಿದು ಬರಲೆಂದು ಕಾಯದೆ ಗೌರವಿಸುವುದು ಸುಳ್ಳಲ್ಲ, ಅದು ಆಯ್ಕೆ. ಈ ಹೋರಾಟಗಳನ್ನು ಅವರು ಬರೆದಿಟ್ಟದ್ದು 1897ರ ಜೂನ್‌ನಲ್ಲಿ, ಮರಣಶಯ್ಯೆಗೆ ಹತ್ತಿರವಾಗಿದ್ದಾಗ. ಹೀಗೆ ಬದುಕಿದ ಈ ಯುವತಿಯನ್ನು ಜಗದ್ಗುರು ಎರಡನೆಯ ಜಾನ್ ಪೌಲರು 1997ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು.

ಸಂಜೆಯ ಧ್ಯಾನದ ಹೊತ್ತಿನಲ್ಲಿ ಮತ್ತೊಬ್ಬ ಭಗಿನಿ ಎಡೆಬಿಡದೆ ವಿಚಿತ್ರವಾದ ಸದ್ದೊಂದನ್ನು ಮಾಡುತ್ತಿದ್ದರಂತೆ, ಎರಡು ಚಿಪ್ಪುಗಳನ್ನು ಉಜ್ಜಿದ ಹಾಗೆ. ತಿರುಗಿ ದುರುಗುಟ್ಟಿ ನೋಡುವ ಆಸೆಯನ್ನು ತಡೆದು ತೆರೇಸಾ ಬೆವರಿದರು. ಕೊನೆಗೆ ಆ ಸದ್ದನ್ನೇ ಸಂಗೀತವೆಂದು ಆಲಿಸಿ ಪ್ರಭುವಿಗೆ ಅರ್ಪಿಸಿದರು.

ಇದನ್ನು ಓದಿದಾಗ ನಮಗೆ ನಾಚಿಕೆಯಾಯಿತು. ನಮ್ಮ ದೇವಾಲಯದಲ್ಲಿ ಹಿಂದೆ ಕುಳಿತು ಶ್ರುತಿ ತಪ್ಪಿ, ಗಟ್ಟಿಯಾಗಿ ಹಾಡುವ ಹಿರಿಯರೊಬ್ಬರಿದ್ದಾರೆ. ಅವರು ತಮ್ಮ ಕಂಠವನ್ನು ಮೆರೆಸಲೆಂದೇ ಹಾಡುವರೆಂದು ತೀರ್ಮಾನಿಸಿ ನಾವು ಈಗಾಗಲೇ ಮೂರು ಬಾರಿ ಬೆಂಚು ಬದಲಿಸಿದ್ದೇವೆ. ಅವರ ಹೆಸರನ್ನು ಕೂಡ ಕೇಳಿಲ್ಲ. ಬರುವ ಭಾನುವಾರ ಹಳೆಯ ಬೆಂಚಿಗೇ ಮರಳಬೇಕೆಂದುಕೊಂಡಿದ್ದೇವೆ.