ಚರ್ಮ ಹದ ಮಾಡುವವರು ಕಟ್ಟಿದ ಲಾಡ್ಜ್

1777ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಫಿರಂಗಿ ದಳಕ್ಕೆ ಒಂದು ಬಿಲ್ ಹೋಯಿತು. ಐದು ಡೋಲುಗಳಿಗೆ ಚರ್ಮ ಒದಗಿಸಿದ ಬಾಬ್ತು ಅದು. ಕೊಟ್ಟವರು ಪ್ರಿನ್ಸ್ ಹಾಲ್, ಚರ್ಮ ಹದ ಮಾಡಿ ಬದುಕುತ್ತಿದ್ದ ಕಪ್ಪು ಮನುಷ್ಯ. ಅದೇ ವರ್ಷದ ಜನವರಿಯಲ್ಲಿ ಅವರು ಸಂಗಡಿಗರ ಜೊತೆ ಮಸಾಚುಸೆಟ್ಸ್ ಶಾಸನಸಭೆಗೆ ಅರ್ಜಿ ಹಾಕಿ, ಇಂಗ್ಲೆಂಡಿನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುವವರೇ ಮನೆಯಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದು ಯಾವ ನ್ಯಾಯ ಎಂದು ಕೇಳಿದ್ದರು. ಅರ್ಜಿಯ ಭಾಷೆ ವಿನಯದ್ದು, ಪ್ರಶ್ನೆ ಮಾತ್ರ ಚೂಪಾಗಿತ್ತು. ಬದುಕಿನುದ್ದಕ್ಕೂ ಅವರ ದಾರಿ ಹೀಗೇ ಇತ್ತು.

ಹಾಲ್ ಅವರ ಬಾಲ್ಯದ ಬಗ್ಗೆ ಬಣ್ಣಬಣ್ಣದ ಕಥೆಗಳಿವೆ. ಬಾರ್ಬಡೋಸ್‌ನಲ್ಲಿ ಹುಟ್ಟಿದರು, ತಂದೆ ಇಂಗ್ಲಿಷಿನವ ಎಂಬುದೆಲ್ಲ ಅವರು ಸತ್ತು ಸುಮಾರು ನೂರು ವರ್ಷದ ಮೇಲೆ, 1903ರ ಪುಸ್ತಕವೊಂದು ಹಬ್ಬಿಸಿದ್ದು. ನಂಬಬೇಕಾಗಿಲ್ಲ. ಹರಳಯ್ಯನ ಕಥೆ ಕೇಳಿ ಬೆಳೆದ ನಮಗಂತೂ ಚರ್ಮದ ಕೆಲಸ ಮಾಡುವವರೊಬ್ಬರು ದೊಡ್ಡವರಾಗಲು ಇಂಥ ವಂಶಾವಳಿ ಬೇಕಿಲ್ಲ.

ಫ್ರೀಮೇಸನ್ರಿ ಎಂದರೆ ನಮ್ಮಲ್ಲಿ ಹಲವರಿಗೆ ಈಗಲೂ ಗುಟ್ಟಿನ ಸಂಘ, ಮುಚ್ಚಿದ ಬಾಗಿಲು, ಏನೋ ಮಾಟಮಂತ್ರ. ಅದು ಅಷ್ಟೆಲ್ಲ ಭಯಂಕರವಾದುದೇನಲ್ಲ. ಕಲ್ಲು ಕಟ್ಟುವ ಗಾರೆಯವರ ಕಸುಬನ್ನೇ ನೀತಿಪಾಠವಾಗಿ ಮಾಡಿಕೊಂಡ ಬಳಗ ಅದು. ಮೊದಲ ಗ್ರ್ಯಾಂಡ್ ಲಾಡ್ಜ್ ಲಂಡನ್ನಿನಲ್ಲಿ 1717ರಲ್ಲಿ ಸೇರಿತೆಂಬುದು ಅವರ ಲೆಕ್ಕ. ಸದಸ್ಯರ ಘಟಕಕ್ಕೆ ಲಾಡ್ಜ್ ಎಂದು ಹೆಸರು (ಬಸ್ ನಿಲ್ದಾಣದ ಎದುರಿನದ್ದಲ್ಲ). ಮೂಲೆಮಟ್ಟ ಮತ್ತು ಕೈವಾರ ಅದರ ಗುರುತು. ಸೊಂಟಕ್ಕೆ ಕುರಿಮರಿಯ ಬಿಳಿ ಚರ್ಮದ ಏಪ್ರನ್ ಕಟ್ಟಿ, ಕಪ್ಪು ಬಿಳುಪು ಚೌಕಳಿ ನೆಲದ ಮೇಲೆ ಸಭೆ ಸೇರುತ್ತಾರೆ. ಮೂರು ಹಂತದ ದೀಕ್ಷೆಯಿದೆ. ದೇವರನ್ನು ನಂಬಿದರೆ ಸಾಕು, ಯಾವ ಮತದವರಾದರೂ ಆಗಬಹುದು. ಸಭೆಯಲ್ಲಿ ಧರ್ಮ, ರಾಜಕೀಯದ ಚರ್ಚೆ ಕೂಡದು. ಒಳಗೆ ಎಲ್ಲರೂ ಸರಿಸಮಾನ ಸಹೋದರರು ಎಂಬುದು ಮೂಲತತ್ತ್ವ. ಹೆಂಗಸರಿಗೆ ಮಾತ್ರ ಹೆಚ್ಚಿನ ಲಾಡ್ಜ್‌ಗಳಲ್ಲಿ ಇಂದಿಗೂ ಪ್ರವೇಶವಿಲ್ಲ. ಸಮಾನತೆ ಎಲ್ಲಿಗೆ ನಿಂತುಬಿಡುತ್ತದೆ ನೋಡಿ.

ಬಾಸ್ಟನ್ನಿನ ಬಿಳಿಯ ಲಾಡ್ಜ್‌ಗಳಲ್ಲಿ ಅದು ಚರ್ಮದ ಬಣ್ಣಕ್ಕೇ ನಿಂತಿತ್ತು. ಆಗ ಹಾಲ್ ಮತ್ತು 14 ಮಂದಿ ಕಪ್ಪು ಸಂಗಡಿಗರಿಗೆ ದೀಕ್ಷೆ ಕೊಟ್ಟಿದ್ದು, ಬ್ರಿಟಿಷ್ ಸೈನ್ಯದ ಜೊತೆ ಬಂದಿದ್ದ ಐರ್ಲೆಂಡಿನ ಮಿಲಿಟರಿ ಲಾಡ್ಜ್. 1775ರ ಮಾರ್ಚ್ ಎಂಬುದು ರೂಢಿಯ ಲೆಕ್ಕ; ಕೆಲವು ವರ್ಷ ಆಮೇಲೆ ಎಂಬ ವಾದವೂ ಉಂಟು. ಸೈನ್ಯ ಊರು ಬಿಟ್ಟ ಮೇಲೆ ಇವರ ಕೈಯಲ್ಲಿ ಉಳಿದ ಪರವಾನಗಿ ತೀರಾ ಸಣ್ಣದು: ಸಂತ ಜಾನ್ ದಿನದಂದು ಮೆರವಣಿಗೆ ಹೋಗಬಹುದು, ತಮ್ಮವರು ಸತ್ತರೆ ವಿಧಿಪೂರ್ವಕ ಮಣ್ಣು ಮಾಡಬಹುದು. ಹೊಸಬರಿಗೆ ದೀಕ್ಷೆ ಕೊಡುವಂತಿಲ್ಲ.

ಹಾಲ್ ಊರಿನವರೊಡನೆ ಜಗಳಕ್ಕೆ ಇಳಿಯಲಿಲ್ಲ. 1784ರಲ್ಲಿ ನೇರ ಲಂಡನ್ನಿಗೇ ಪತ್ರ ಬರೆದರು. ಅದೇ ವರ್ಷ ಸನ್ನದು ಮಂಜೂರಾಯಿತು, ಕಡಲು ದಾಟಿ ಕೈಸೇರಿದ್ದು ಮಾತ್ರ 1787ರ ಏಪ್ರಿಲ್ 29ಕ್ಕೆ. ಆಫ್ರಿಕನ್ ಲಾಡ್ಜ್ ಸಂಖ್ಯೆ 459. ಕಪ್ಪು ಜನ ಅಮೆರಿಕದಲ್ಲಿ ತಾವೇ ಕಟ್ಟಿ ತಾವೇ ನಡೆಸಿದ ಮೊದಮೊದಲ ಸಂಸ್ಥೆಗಳಲ್ಲಿ ಇದೂ ಒಂದು.

ಲಾಡ್ಜ್ ಇದ್ದದ್ದು ಬರೀ ಏಪ್ರನ್ ಕಟ್ಟಲಿಕ್ಕಲ್ಲ ಎಂಬುದು ಮರುವರ್ಷವೇ ಗೊತ್ತಾಯಿತು. 1788ರ ಫೆಬ್ರವರಿಯಲ್ಲಿ ಮೂವರು ಸ್ವತಂತ್ರ ಕಪ್ಪು ಮನುಷ್ಯರನ್ನು ಕೆಲಸದ ಆಸೆ ತೋರಿಸಿ ಹಡಗು ಹತ್ತಿಸಿಕೊಂಡ ಕ್ಯಾಪ್ಟನ್ ಒಬ್ಬ, ಕೆರಿಬಿಯನ್ ದ್ವೀಪಗಳಿಗೆ ಮಾರಲು ಸಾಗಿಸಿದ. ಹಾಲ್ ತಮ್ಮ ಲಾಡ್ಜಿನವರ ಸಹಿ ಹಾಕಿಸಿ ಶಾಸನಸಭೆಗೆ ಅರ್ಜಿ ಕೊಟ್ಟರು. ಬಾಸ್ಟನ್ನಿನ ಪಾದ್ರಿಗಳೂ ಕ್ವೇಕರ್ ಪಂಥದವರೂ ದನಿಗೂಡಿಸಿದರು. ಮಾರ್ಚ್ ಮುಗಿಯುವುದರೊಳಗೆ ಮಸಾಚುಸೆಟ್ಸ್‌ನಲ್ಲಿ ಗುಲಾಮರ ವ್ಯಾಪಾರ ನಿಷೇಧಿಸುವ ಕಾನೂನು ಬಂತು. ಬೇಸಿಗೆಯಲ್ಲಿ ಆ ಮೂವರೂ ವಾಪಸ್ ಬಂದರು. ಅವರಲ್ಲೊಬ್ಬ ಮೇಸನ್, ಕೊಳ್ಳಲು ಬಂದ ವ್ಯಾಪಾರಿಯೂ ಮೇಸನ್ನೇ ಆಗಿದ್ದುದರಿಂದ ಬಿಡುಗಡೆಗೆ ದಾರಿಯಾಯಿತು ಎಂದು ಆ ಕಾಲದ ಪಾದ್ರಿ ಜೆರೆಮಿ ಬೆಲ್‌ಕ್ನ್ಯಾಪ್ ಬರೆದಿಟ್ಟಿದ್ದಾರೆ.

ಎಲ್ಲ ಅರ್ಜಿಯೂ ಗೆಲ್ಲಲಿಲ್ಲ. ನಾವೂ ತೆರಿಗೆ ಕಟ್ಟುತ್ತೇವೆ, ನಮ್ಮ ಮಕ್ಕಳಿಗೆ ಶಾಲೆ ಕೊಡಿ ಎಂದು 1787ರಲ್ಲಿ ಕೇಳಿದ್ದು ಬಿದ್ದುಹೋಯಿತು.

ಹಾಲ್ ಅವರ ಮಾತಿನ ಧಾಟಿ ತಿಳಿಯಬೇಕಾದರೆ 1797ರ ಜೂನ್‌ನಲ್ಲಿ ಮೆನಾಟಮಿ ಎಂಬಲ್ಲಿ ಲಾಡ್ಜಿನವರಿಗೆ ಮಾಡಿದ ಭಾಷಣ ನೋಡಬೇಕು. ಹಬ್ಬದ ದಿನ ಬಾಸ್ಟನ್ನಿನ ಬೀದಿಯಲ್ಲಿ ಪುಂಡರು ತಮ್ಮವರ ಮೇಲೆ, ಮುದುಕಿಯರ ಮೇಲೂ ಕೈಮಾಡುವುದನ್ನು ಬಿಡಿಸಿ ಹೇಳುತ್ತಾರೆ. ತಾಳ್ಮೆ ಬಿಡಬೇಡಿ ಎನ್ನುತ್ತಾರೆ. ಆ ಉಸಿರಿನಲ್ಲೇ, ಆರು ವರ್ಷದ ಹಿಂದೆ ಫ್ರೆಂಚ್ ದ್ವೀಪಗಳಲ್ಲಿ ನಮ್ಮವರ ಸ್ಥಿತಿ ಏನಿತ್ತು, ಈಗ ಏನಾಗಿದೆ ನೆನೆಯಿರಿ ಎನ್ನುತ್ತಾರೆ. ಹೈಟಿಯ ಗುಲಾಮರ ದಂಗೆಯ ಸುದ್ದಿ ಅದು. ಆ ಸೌಮ್ಯತೆಯನ್ನು ಹೆದರಿಕೆ ಎಂದುಕೊಂಡವರು ಭಾಷಣವನ್ನು ಪೂರ್ತಿ ಓದಿಲ್ಲ.

ಇಂಥದೇ ಬಾಗಿಲು ನಮ್ಮ ದೇಶದಲ್ಲೂ ಮುಚ್ಚಿತ್ತು. ಪಾರ್ಸಿಗಳು, ಮುಸ್ಲಿಮರು ಸೇರಲೆಂದು ಜೇಮ್ಸ್ ಬರ್ನ್ಸ್ ಮುಂಬಯಿಯಲ್ಲಿ ಲಾಡ್ಜ್ ತೆರೆದದ್ದು 1843ರಲ್ಲಿ. ಕಲ್ಕತ್ತೆಯ ಪ್ರಸನ್ನ ಕುಮಾರ್ ದತ್ತ ವರ್ಷಗಟ್ಟಲೆ ಪಟ್ಟು ಹಿಡಿದು 1872ರಲ್ಲಿ ಒಳಹೋದರು. ಭಾರತದ ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ 1961ರದು. ಬೆಂಗಳೂರಿನಲ್ಲೂ ಅದರ ಲಾಡ್ಜ್‌ಗಳಿವೆ.

ಹಾಲ್ ತೀರಿಕೊಂಡಿದ್ದು 1807ರ ಡಿಸೆಂಬರ್ 4ರಂದು. ಅವರ ಪರಂಪರೆಗೆ ಆಮೇಲೆ ಪ್ರಿನ್ಸ್ ಹಾಲ್ ಮೇಸನ್ರಿ ಎಂದೇ ಹೆಸರಾಯಿತು. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅದರ ಸದಸ್ಯರಾಗಿದ್ದರು. ಆದರೂ ಬಿಳಿಯ ಲಾಡ್ಜ್‌ಗಳು ಇವರನ್ನು ಸಹೋದರರೆಂದು ಒಪ್ಪಲು ಹಿಂದೇಟು ಹಾಕುತ್ತಲೇ ಬಂದವು. ಮಸಾಚುಸೆಟ್ಸ್ 1947ರಲ್ಲಿ ಒಪ್ಪಿ, ಎರಡೇ ವರ್ಷಕ್ಕೆ ಹಿಂತೆಗೆದುಕೊಂಡಿತು. ಕನೆಕ್ಟಿಕಟ್ ಒಪ್ಪಿದ್ದು 1989ರಲ್ಲಿ, ಸನ್ನದು ಕೊಟ್ಟಿದ್ದ ಇಂಗ್ಲೆಂಡ್ 1994ರಲ್ಲಿ.

ಮಕ್ಕಳ ಮನೆಗೆಂದು ಬಾಸ್ಟನ್ನಿಗೆ ಹೋಗುವ ಕನ್ನಡಿಗರು ಈಗ ಬೇಕಾದಷ್ಟು. ಊರಿನ ಚಾರಿತ್ರಿಕ ತಾಣಗಳನ್ನು ಜೋಡಿಸುವ ಫ್ರೀಡಂ ಟ್ರೇಲ್ ನೋಡಲು ಹೊರಟಾಗ ಓಲ್ಡ್ ನಾರ್ತ್ ಚರ್ಚಿಗೇ ಮುಗಿಸಿ ಹಿಂದಿರುಗಬೇಡಿ. ಅಲ್ಲಿಂದ ಸ್ವಲ್ಪ ಏರು ಹತ್ತಿದರೆ ಕಾಪ್ಸ್ ಹಿಲ್ ಸ್ಮಶಾನ ಸಿಗುತ್ತದೆ. ಹಾಲ್ ಅವರ ಸಮಾಧಿ ಅಲ್ಲಿದೆ.